ಲಿಂಬಿ ಹೋಳು ಮತ್ತು ಪ್ರೆಸೆಂಟ್ ಪರ್ಫೆಕ್ಟ್

ಮೊನ್ನೆ ಅಂಗನವಾಡಿಯಲ್ಲಿ ಮಕ್ಕಳಿಗೆ ಚಿತ್ರಾನ್ನ ಮಾಡಿದ್ದೆವು. ಹೊಸದಾಗಿ ಬಂದ ಸಹಾಯಕಿ ಲಿಂಬಿಕಾಯಿ ಹಿಂಡಿ, ಹೋಳುಗಳನ್ನು ಒಲೆಯ ಪಕ್ಕದ ತಟ್ಟೆಯಲ್ಲಿ ಗುಡ್ಡೆ ಹಾಕಿದ್ದಳು. ಹತ್ತಿರದಲ್ಲೇ ಮಕ್ಕಳು ಗೀಚಿ ಬಿಟ್ಟ ಪಾಟಿ ಬಿದ್ದಿತ್ತು. ಸ್ಲೇಟಿಗೆ ನಮ್ಮ ಕಡೆ ಪಾಟಿ ಎನ್ನುತ್ತೇವೆ. ನನ್ನ ಕೈ ತಾನಾಗಿಯೇ ಒಂದು ಹೋಳು ಎತ್ತಿಕೊಂಡು ಆ ಪಾಟಿಯನ್ನು ತಿಕ್ಕತೊಡಗಿತು. ಮೊದಲು ಹುಳಿ ವಾಸನೆ, ಅದರ ಬೆನ್ನಿಗೇ ಒದ್ದೆ ಬಳಪದ ವಾಸನೆ.

"ಅಯ್ಯ, ಪಾಟಿ ಲಿಂಬಿಲೆ ತಿಕ್ಕತಾರೇನ್ರಿ ಟೀಚರ್?" ಎಂದು ಅವಳು ನಕ್ಕಳು.

ಅಷ್ಟರಲ್ಲಿ ನಾನು ಹೊರ್ತಿಯ ನಮ್ಮ ಮನೆಯ ಹಿತ್ತಲ ಕಟ್ಟೆಯ ಮೇಲೆ, ಆ ಒಂದು ಚಳಿಗಾಲದೊಳಗೆ ಹೋಗಿ ಕೂತುಬಿಟ್ಟಿದ್ದೆ. ತೊಡೆಯ ಮೇಲೆ ಪಾಟಿ, ಎದುರಿಗೆ ಸೊಸೆ, ನಮ್ಮಿಬ್ಬರ ನಡುವೆ ಆ ಹಾಳು ಪ್ರೆಸೆಂಟ್ ಪರ್ಫೆಕ್ಟ್.

ಆಗ ನಾನು ಟೀಚರ್ ಆಗಿರಲಿಲ್ಲ. ಇದೇ ಅಂಗನವಾಡಿಯಲ್ಲಿ ಸಹಾಯಕಿ. ಕಸ ಹೊಡೆಯುವುದು, ನೀರು ತುಂಬುವುದು, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಅಡುಗೆ, ಪಾತ್ರೆ. ಕಾರ್ಯಕರ್ತೆಯಾಗಿದ್ದವರು ಖೈರುನ್ ಟೀಚರ್. ನಮ್ಮ ಓಣಿಯ ಎಷ್ಟೋ ಮಂದಿಯ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಕೈ ಅವರದು. ಬರುವ ಬೇಸಿಗೆಗೆ ಅವರ ನಿವೃತ್ತಿ. ಸಹಾಯಕಿ ಹತ್ತನೆಯ ತರಗತಿ ಪಾಸಾಗಿದ್ದರೆ ಆ ಜಾಗ ಅವಳಿಗೆ ಸಿಗುತ್ತಿತ್ತು. ಇಲ್ಲವಾದರೆ ಬೇರೆಯವರಿಂದ ಅರ್ಜಿ ಕರೆಯುತ್ತಿದ್ದರು.

ನಾನು ಬಸವನ ಬಾಗೇವಾಡಿ ತಾಲೂಕಿನ ಮಸೂತಿಯವಳು. ಹತ್ತನೆಯ ತರಗತಿ ಮುಗಿಯುವ ಮೊದಲೇ ಲಗ್ನವಾಗಿ ಇಂಡಿ ತಾಲೂಕಿನ ಈ ಹೊರ್ತಿಗೆ ಬಂದೆ. ಟೀಚರ್ ಬೆನ್ನು ಬಿದ್ದದ್ದಕ್ಕೆ ಹಿಂದಿನ ವರ್ಷ ಖಾಸಗಿಯಾಗಿ ಪರೀಕ್ಷೆಗೆ ಕೂತಿದ್ದೆ. ಉಳಿದ ವಿಷಯಗಳೆಲ್ಲ ಹೇಗೋ ದಾಟಿದವು. ಇಂಗ್ಲಿಷ್ ಒಂದು ಕೈಕೊಟ್ಟಿತು. ಇನ್ನು ಉಳಿದದ್ದು ಒಂದೇ ಅವಕಾಶ, ಟೀಚರ್ ಹೋಗುವ ಮೊದಲಿನ ಪರೀಕ್ಷೆ.

"ನೀಲವ್ವ, ಈ ಹುಡುಗರು ನಿನ್ನ ಮಾರಿ ಕಂಡ್ರ ಅಳೂದು ಬಿಡ್ತಾವು," ಎನ್ನುತ್ತಿದ್ದರು ಖೈರುನ್ ಟೀಚರ್. "ಹೊಸಬರು ಬಂದ್ರ ಮತ್ತ ಮೊದಲಿಂದ ಅಳಾಕ ಚಾಲೂ ಮಾಡ್ತಾವು. ನನ್ನ ಸಲುವಾಗಿ ಬ್ಯಾಡವ್ವ, ಓಣಿ ಮಂದಿ ಕಿವಿ ಸಲುವಾಗರೆ ಪಾಸಾಗು."

ನಗೆಯ ಮಾತೇ. ಆದರೆ ನನಗೆ ಆ ಜಾಗ ಬೇಕಾಗಿತ್ತು. ಎಷ್ಟೋ ವರ್ಷ ಬಾಗಿಲ ಹೊರಗೆ ಪಾತ್ರೆ ತೊಳೆಯುತ್ತ, ಒಳಗೆ ಟೀಚರ್ ಹೇಳಿಕೊಡುವುದನ್ನೆಲ್ಲ ಕೇಳುತ್ತ, ಮನಸ್ಸಿನಲ್ಲೇ ಅದೇ ಪಾಠವನ್ನು ಮಾಡಿದವಳು ನಾನು. ಒಂದು ಸಲ ಒಳಗೆ ನಿಂತು ಬಾಯಿಬಿಟ್ಟು ಹೇಳಿಕೊಡಬೇಕೆಂಬ ಆಸೆ ಹೊಟ್ಟೆಯೊಳಗೆ ಬೇರೂರಿತ್ತು.

ಅದೇ ವರ್ಷ ಬೇಸಿಗೆಯಲ್ಲಿ ಮಗ ಬಸುವಿನ ಮದುವೆಯಾಗಿತ್ತು. ಅವನು ಲಿಂಬಿಕಾಯಿ ಚೀಲಗಳನ್ನು ಟೆಂಪೋದಲ್ಲಿ ಇಂಡಿಯ ಮಾರುಕಟ್ಟೆಗೆ ಸಾಗಿಸುತ್ತಾನೆ. ಸೊಸೆ ಗಂಗಾ ಸಿಂದಗಿಯ ಹುಡುಗಿ. ಬಿ.ಎ. ಓದಿದವಳು, ಅದೂ ಇಂಗ್ಲಿಷ್ ಆರಿಸಿಕೊಂಡು. ಮಾತು ಕಡಿಮೆ, ಕೆಲಸ ಚುರುಕು. ನಾನು ಕಟ್ಟೆಯ ಮೇಲೆ ಕೂತರೆ ಅವಳು ಕೆಳಗೆ ಚಾಪೆಯ ಮೇಲೆ ಕೂರುವಳು. ನಾನು ಚಾಪೆಗೆ ಇಳಿದರೆ ಅವಳು ಬರಿ ನೆಲಕ್ಕೆ ಸರಿಯುವಳು. "ಏ ಹುಡುಗಿ, ಹಿಂಗ ಇಳಕೋತ ಹೋದ್ರ ಬಾವ್ಯಾಗ ಬೀಳ್ತಿ," ಎಂದು ನಾನು ಎಷ್ಟು ಅಂದರೂ ತಲೆ ತಗ್ಗಿಸಿ ನಗುವಳೇ ಹೊರತು ಮೇಲೆ ಬರುತ್ತಿರಲಿಲ್ಲ.

ದಸರೆ ಮುಗಿದ ಮೇಲೆ ಒಂದು ದಿನ ಗೈಡು ತೆರೆದಿಟ್ಟುಕೊಂಡು ಹಣೆ ಹಿಡಿದು ಕೂತಿದ್ದೆ. ನಮ್ಮ ಯಜಮಾನರು ಎತ್ತಿಗೆ ನೀರು ಕುಡಿಸುತ್ತಿದ್ದವರು ಅಲ್ಲಿಂದಲೇ ಕೂಗಿದರು. "ಮನ್ಯಾಗ ಬಿ.ಎ. ಸೊಸಿನ್ನ ಇಟಗೊಂಡು ಆ ಗೈಡಿಗಿ ಯಾಕ ಜೋತು ಬಿದ್ದೀ? ಆಕೀನ್ನ ಕೇಳು. ನಿಮ್ಮಿಬ್ಬರ ಬಾಯಿಗೂ ಒಂದು ಕೆಲಸ ಆಗ್ತೈತಿ."

ಹಾಗೆ ಶುರುವಾಯಿತು ನಮ್ಮ ಶಾಲೆ. ನಾನು ಅಂಗನವಾಡಿಯಿಂದ ಬಂದು, ಚಹಾ ಕುಡಿದು, ಹಿತ್ತಲ ಕಟ್ಟೆಗೆ ಹೋಗುವ ಹೊತ್ತಿಗೆ ಬಿಸಿಲು ಲಿಂಬಿ ಗಿಡಗಳ ನಡುವೆ ಓರೆಯಾಗಿ ಬಿದ್ದಿರುತ್ತಿತ್ತು. ಪುಸ್ತಕದಲ್ಲಿ ಬರೆದು ಬರೆದು ತಪ್ಪು ಮಾಡಲು ನನಗೆ ನಾಚಿಕೆ. ಶಾಯಿ ಅಳಿಯುವುದಿಲ್ಲ, ಯಾರಾದರೂ ನೋಡಿಯಾರು. ಅದಕ್ಕೆ ಅಂಗನವಾಡಿಯಲ್ಲಿ ಅಂಚು ಮುರಿದು ಮೂಲೆ ಸೇರಿದ್ದ ಪಾಟಿಯೊಂದನ್ನು ಟೀಚರ್‌ಗೆ ಹೇಳಿ ತಂದಿದ್ದೆ. ಅಳಿಸಲು ಬಟ್ಟೆ ಬೇಕಿರಲಿಲ್ಲ. ನಮ್ಮ ಮನೆಯಲ್ಲಿ ಹಿಂಡಿದ ಲಿಂಬಿ ಹೋಳಿಗೆ ಎಂದೂ ಬರವಿಲ್ಲ. ಹೋಳಿನಿಂದ ಒಂದು ಸಲ ತಿಕ್ಕಿ ಮೇಲೆ ನೀರು ಚಿಮುಕಿಸಿದರೆ ಪಾಟಿ ಹೊಸ ಬಾಣಲೆಯಂತೆ ಕಪ್ಪಗೆ ಹೊಳೆಯುತ್ತಿತ್ತು.

ಐ ಮೇಕ್, ಐ ಮೇಡ್ ತನಕ ಗಾಡಿ ಸರಾಗವಾಗಿ ಹೋಯಿತು. ಐ ಹ್ಯಾವ್ ಮೇಡ್ ಬಂದ ಕೂಡಲೇ ಗಾಲಿ ಎರೆಮಣ್ಣಿನಲ್ಲಿ ಹೂತಿತು. ಗೈಡಿನಲ್ಲಿ ಅದಕ್ಕೆ ಪೂರ್ಣ ವರ್ತಮಾನ ಕಾಲ ಎಂದು ಹೆಸರು ಕೊಟ್ಟಿದ್ದರು. ಪೂರ್ಣವಾಗಿ ಹೋದದ್ದು ವರ್ತಮಾನ ಹೇಗಾದೀತು? ಮಾಡಿ ಮುಗಿಸಿದ ರೊಟ್ಟಿಗೆ ಮೇಡ್ ಎಂದರೆ ಸಾಕಲ್ಲ, ಹ್ಯಾವ್ ಎಂಬ ಬಾಲ ಯಾಕೆ?

"ಕೆಲಸ ಮುಗದಿರ್ತೈತ್ರಿ ಅತ್ತಿ, ಆದ್ರ ಅದರದು ಈಗಿನ ಜೋಡಿ ಸಂಬಂಧ ಇರ್ತೈತ್ರಿ," ಎಂದು ಗಂಗಾ ನೆಲ ನೋಡುತ್ತ ಹೇಳಿದಳು.

"ಸಂಬಂಧ ಅಂದ್ರ? ಬೀಗರ ಸಂಬಂಧನ?"

ಅವಳು ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ನಾನೂ ನಕ್ಕೆ. ಅರ್ಥವಾಗಲಿಲ್ಲ. ಆದರೂ ಹೂಂ ಎಂದೆ.

ಪಾಟಿಯ ತುಂಬ ವಾಕ್ಯ ಬರೆದು ಅವಳ ಮುಂದಿಟ್ಟು ನಾನು ದನಕ್ಕೆ ಹುಲ್ಲು ಹಾಕಲೋ ಒಲೆ ನೋಡಲೋ ಎದ್ದು ಹೋಗುತ್ತಿದ್ದೆ. ತಿರುಗಿ ಬಂದರೆ ಎಲ್ಲ ವಾಕ್ಯದ ಮುಂದೂ ಸರಿ ಗುರುತು. ಒಂದು ದಿನ ಅಲ್ಲ, ದಿನಾಲೂ. ನನಗೆ ಹಿಗ್ಗೇ ಹಿಗ್ಗು. ನನ್ನ ಅಕ್ಷರವೂ ದಿನದಿಂದ ದಿನಕ್ಕೆ ದುಂಡಗಾಗುತ್ತಿದೆ ಎಂದು ನನಗೆ ನಾನೇ ಶಾಬಾಸ್ ಕೊಟ್ಟುಕೊಂಡೆ. ಕೆಲವು ವಾಕ್ಯ ಓದಿದಾಗ 'ಇದನ್ನು ನಾನು ಹೀಗೆ ಬರೆದಿದ್ದೆನೇ?' ಎಂದು ಅನ್ನಿಸುತ್ತಿತ್ತು. ಬರೆದಿರಬೇಕು, ಬುದ್ಧಿ ಬಲಿತಾಗ ಕೈ ತಾನೇ ಓಡುತ್ತದೆ ಎಂದುಕೊಂಡೆ. ಚಹಾದ ಹೊತ್ತಿನಲ್ಲಿ ಯಜಮಾನರಿಗೆ ಇಂಗ್ಲಿಷಿನಲ್ಲೇ ಹೇಳಿದೆ, ಐ ಹ್ಯಾವ್ ಮೇಡ್ ಟೀ ಅಂತ. "ಮಾಡಿದ್ರ ಮಾಡೀದಿ, ಮೊದಲ ಕೊಡು," ಎಂದರು.

ನನ್ನ ಈ ಪ್ರತಾಪವನ್ನು ಖೈರುನ್ ಟೀಚರ್‌ಗೂ ಹೇಳದೆ ಇರಲಾಗಲಿಲ್ಲ. ಅವರು ಹೋಗಿ ಊರಿನ ಹೈಸ್ಕೂಲಿನ ಇಂಗ್ಲಿಷ್ ಮೇಡಂಗೆ ಹೇಳಿದರು. ಮೇಡಂ ಮುದ್ದೇಬಿಹಾಳದವರು, ಹೊಸದಾಗಿ ಮದುವೆಯಾಗಿ ಈ ಕಡೆ ಬಂದವರು. ಶಾಲೆಯ ಮಕ್ಕಳಿಗೆ ಪರೀಕ್ಷೆ ಇಟ್ಟ ದಿನ ನನಗೂ ಒಂದು ಪ್ರಶ್ನೆಪತ್ರಿಕೆ ಕೊಟ್ಟು ಶಿಕ್ಷಕರ ಕೋಣೆಯಲ್ಲಿ ಕೂರಿಸಿದರು. ನಾನು ಇಳಕಲ್ ಸೀರೆ ಉಟ್ಟು, ಪೆನ್ನು ಎರಡು ಇಟ್ಟುಕೊಂಡು, ಮದುವೆಗೆ ಹೋದಂತೆ ಹೋಗಿದ್ದೆ.

ಮರುದಿನ ಮೇಡಂ ಉತ್ತರಪತ್ರಿಕೆ ಮುಂದಿಟ್ಟಾಗ ಅದರ ತುಂಬ ಕೆಂಪು ಗೀಟು. ಮೆಣಸಿನಕಾಯಿ ಒಣಹಾಕಿದ ಕಣದಂತೆ ಕಾಣುತ್ತಿತ್ತು.

"ಅಮ್ಮಾರ, ಹ್ಯಾವ್ ಬರದಲ್ಲೆಲ್ಲ ಮುಂದ ಯಸ್ಟರ್‌ಡೇ ಸೇರಿಸೀರಲ್ರಿ," ಎಂದರು ಮೇಡಂ ಮೆಲ್ಲಗೆ. "ನಿನ್ನೆ, ಮೊನ್ನೆ, ಹ್ವಾದ ವರ್ಷ, ಹಿಂಗ ಹೊತ್ತು ಹೇಳಿದ್ರ ಹ್ಯಾವ್ ಬರೂದಿಲ್ರಿ. ಮತ್ತ ಇಲ್ಲಿ ಮೇಡ್ ಇರೂದು ಮೇಕ್ ಆಗೈತಿ."

"ಮನ್ಯಾಗ ಬರದಾಗ ಒಂದೂ ತಪ್ಪಿಲ್ರಿ ಮೇಡಂ. ದಿನಾ ಎಲ್ಲಾ ಸರಿ."

"ಮನ್ಯಾಗ ಯಾರು ನೋಡ್ತಾರ್ರಿ?"

"ನಮ್ಮ ಸೊಸಿ."

ಮೇಡಂ ತುಟಿಯ ಮೂಲೆ ಕುಣಿಯಿತು. "ನಮ್ಮತ್ತಿಯವರೂ ನನಗ ಹಾಡು ಹಾಡಿ ತೋರಸ್ತಾರ್ರಿ ಅಮ್ಮಾರ. ರಾಗ ಎಲ್ಲಿಂದ ಎಲ್ಲಿಗೋ ಹೋಗಿರ್ತೈತಿ. ನಾನು ಭಾಳ ಚೊಲೊ ಆತ್ರಿ ಅಂತೇನಿ."

ಅಲ್ಲಿಂದ ಮನೆಗೆ ನಡೆದು ಬರುವಾಗ ಮೊದಲು ಮುಖ ಬಿಸಿಯಾಯಿತು. ಊರ ಮುಂದಿನ ಬೇವಿನಮರ ದಾಟುವಾಗ ಬೆರಳು ಮಡಿಸಿ ಲೆಕ್ಕ ಹಾಕಿದೆ. ಪರೀಕ್ಷೆಗೆ ಉಳಿದದ್ದು ಒಂದೇ ಚಳಿಗಾಲ. ಈ ತನಕ ಕಲಿತದ್ದು ಸೊನ್ನೆ. ಟೀಚರ್‌ನ ಖುರ್ಚಿ ಕಣ್ಣ ಮುಂದೆಯೇ ದೂರ ದೂರ ಸರಿಯಿತು. ಆದರೂ ಗಂಗಾ ತಪ್ಪಿಗೂ ಸರಿ ಗುರುತು ಹಾಕುತ್ತಾಳೆಂದು ಮನಸ್ಸು ಇನ್ನೂ ನಂಬಲಿಲ್ಲ, ನೋಡಿಯೇ ಬಿಡೋಣ ಎಂದುಕೊಂಡೆ.

ಅವತ್ತು ಎಂದಿನಂತೆ ಪಾಟಿಯಲ್ಲಿ ಬರೆದು, ಬೇಕೆಂತಲೇ ಯಸ್ಟರ್‌ಡೇ ಸೇರಿಸಿ, ಗಂಗಾಳ ಮುಂದಿಟ್ಟೆ. "ಒಲಿ ಮ್ಯಾಲ ಹಾಲು ಐತಿ," ಎಂದು ಒಳಗೆ ಹೋಗಿ ಅಡುಗೆಮನೆಯ ಕಿಟಕಿಯ ಸಂದಿಯಿಂದ ಇಣುಕಿದೆ. ಸೊಸೆ ಎಡಕ್ಕೂ ಬಲಕ್ಕೂ ನೋಡಿದಳು. ಸೆರಗಿನ ಗಂಟಿನಿಂದ ಲಿಂಬಿ ಹೋಳು ತೆಗೆದಳು. ಎಷ್ಟು ಹದವಾಗಿ ಒರೆಸಿದಳೆಂದರೆ ಯಸ್ಟರ್‌ಡೇ ಒಂದೇ ಮಾಯವಾಯಿತು, ಪಕ್ಕದ ಅಕ್ಷರಕ್ಕೆ ನೋವಾಗಲಿಲ್ಲ. ಇನ್ನೊಂದು ಕಡೆ ಮೇಕ್ ಅಳಿಸಿ ನನ್ನಂತೆಯೇ ಸೊಟ್ಟ ಅಕ್ಷರದಲ್ಲಿ ಮೇಡ್ ಬರೆದಳು. ಊದಿ ಆರಿಸಿದಳು. ಆಮೇಲೆ ಸಾಲಾಗಿ ಸರಿ ಗುರುತು.

ನನಗೆ ಸಿಟ್ಟು ಬರಬೇಕಿತ್ತು. ಅವಳು ಕುತ್ತಿಗೆ ಓರೆ ಮಾಡಿ ನನ್ನ ಸೊಟ್ಟ ಅಕ್ಷರ ನಕಲು ಮಾಡುವ ಶ್ರದ್ಧೆ ಕಂಡು ನಗು ಉಕ್ಕಿತು. ಹಾಲೂ ಉಕ್ಕಿತು.

ಹೊರಗೆ ಬಂದು ಅವಳ ಪಕ್ಕ ಕೂತೆ. "ಗಂಗಾ, ಆ ಹೋಳು ಇತ್ತ ಕೊಡು."

ಅವಳ ಮುಖ ಬೆಳ್ಳಗಾಯಿತು. ಮುಷ್ಟಿ ಬಿಚ್ಚಿದಳು. ಕಣ್ಣಲ್ಲಿ ನೀರು ಬಂದೇಬಿಟ್ಟಿತು.

"ನಾ ಬೈಯೂದಿಲ್ಲ, ಹೇಳು. ಯಾಕ ಹಿಂಗ ಮಾಡ್ದಿ?"

"ಅತ್ತಿ ಬರದಿದ್ದಕ್ಕ ತಪ್ಪು ಅಂತ ಗೀಟು ಹೆಂಗ ಎಳೀಲಿರಿ? ನನ್ನ ಕೈ ಏಳೂದಿಲ್ರಿ." ಅವಳು ಮೂಗು ಒರೆಸಿಕೊಂಡಳು. "ನಮ್ಮವ್ವ ಹೇಳ್ಯಾಳ್ರಿ. ಅತ್ತಿ ಮಾಡಿದ್ದಕ್ಕ ತಪ್ಪು ಅನಬ್ಯಾಡ, ಎದುರು ತಿದ್ದಬ್ಯಾಡ ಅಂತ ಹೇಳ್ಯಾಳ."

"ಯಾವಾಗ ಹೇಳ್ಯಾಳ?"

"ಮದವಿ ದಿನ, ಮನಿ ತುಂಬಸಾಕ ಕಳಿಸೂ ಮುಂದ."

"ಅದು ಬ್ಯಾಸಿಗ್ಯಾಗ ಆಗಿ ಹೋದ ಮಾತಲ್ಲ?"

"ಆಗಿ ಹೋದ್ರೇನ್ರಿ ಅತ್ತಿ, ಅವ್ವ ಹೇಳ್ಯಾಳಲ್ರಿ! ಅದು ಇನ್ನೂ ಹಂಗ ಐತಿ."

ಲಿಂಬಿ ಗಿಡದಲ್ಲಿ ಯಾವುದೋ ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಬೇಸಿಗೆಯಲ್ಲಿ ಸಿಂದಗಿಯಲ್ಲಿ ಒಬ್ಬ ತಾಯಿ ಒಂದು ಮಾತು ಹೇಳಿದಳು. ಹೇಳಿದ್ದು ಅವತ್ತೇ ಮುಗಿಯಿತು. ಆದರೆ ಈ ಚಳಿಯಲ್ಲಿ, ಹೊರ್ತಿಯ ಈ ಕಟ್ಟೆಯ ಮೇಲೆ, ಆ ಮಾತು ನನ್ನ ಸೊಸೆಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದೆ.

"ಗಂಗಾ," ಎಂದೆ, "ಇದನ್ನ ಇಂಗ್ಲೀಷಿನ್ಯಾಗ ಹೇಳು. ಅವ್ವ ಹೇಳ್ಯಾಳ."

"ಮದರ್ ಹ್ಯಾಜ್ ಟೋಲ್ಡ್..." ಎಂದವಳು ಅರ್ಧಕ್ಕೇ ನಿಂತು ನನ್ನ ಮುಖ ನೋಡಿದಳು.

ಅವಳಿಗೂ ಹೊಳೆಯಿತು, ನನಗೂ. ಇಷ್ಟು ದಿನ ಗೈಡು ಹೇಳಲಾರದ್ದನ್ನು ಅವಳ ಅಳು ಹೇಳಿತ್ತು. ನಾನು ಎದ್ದು ಒಳಗೆ ಹೋಗಿ ರೊಟ್ಟಿ ಬುಟ್ಟಿಯನ್ನೇ ಎತ್ತಿ ತಂದೆ. ಬಟ್ಟೆ ಸರಿಸಿ ಅವಳ ಅಂಗೈ ಒಳಗೆ ಒತ್ತಿದೆ. ಪಾಟಿ ಹಿಡಿಯುವ ಮೊದಲಷ್ಟೇ ನಾನು ಬಡಿದು ಇಳಿಸಿದ್ದ ಜೋಳದ ರೊಟ್ಟಿ, ಇನ್ನೂ ಹಬೆಯಾಡುತ್ತಿತ್ತು.

"ರೊಟ್ಟಿ ಮಾಡೇನಿ. ಅಂದ್ರ ಮಾಡೂದು ಮುಗದೈತಿ, ಬುಟ್ಯಾಗ ಬಿಸಿ ಐತಿ. ಇದು ಹ್ಯಾವ್. ನಿನ್ನೆ ರೊಟ್ಟಿ ಮಾಡಿದೆ. ಅಂದ್ರ ಅವು ನಿಮ್ಮ ಮಾವನ ಹೊಟ್ಟಿ ಸೇರಿದ್ವು. ಅದಕ್ಕ ಹ್ಯಾವ್ ಯಾಕ ಬೇಕು? ಹೌದಿಲ್ಲೊ?"

"ಹೌದ್ರಿ ಅತ್ತಿ! ಹೌದ್ರಿ!" ಎಂದು ಗಂಗಾ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಅವಳ ದನಿ ಅಷ್ಟು ದೊಡ್ಡದೆಂದು ಅವತ್ತೇ ನನಗೆ ತಿಳಿದದ್ದು.

ಅರ್ಥವಾಯಿತು, ನಿಜ. ಆದರೆ ಅರ್ಥವಾಗುವುದು ಬೇರೆ, ಬರೆಯುವಾಗ ಕೈ ತಪ್ಪದಿರುವುದು ಬೇರೆ. ತಪ್ಪಿದಾಗ ತಪ್ಪು ಎನ್ನುವವರಿಲ್ಲದೆ ಕೈ ಪಳಗುವುದಿಲ್ಲ. ಗಂಗಾಳಿಗೆ "ಇನ್ನ ಮ್ಯಾಲ ಗೀಟು ಎಳಿಯವ್ವ," ಎಂದೆ. ಬಳಪ ಹಿಡಿದಳು. ಪಾಟಿಯ ಹತ್ತಿರ ಹೋದ ಕೈ ಹಾಗೇ ನಿಂತಿತು. "ಆಗವಲ್ತ್ರಿ," ಎಂದಳು. ನಾನು ಹೇಳಿದರೆ ನಡೆಯುವ ಮಾತಲ್ಲ ಇದು, ಕಟ್ಟಿದವಳೇ ಬಿಚ್ಚಬೇಕು ಎಂದು ಬೀಗತಿಗೆ ಫೋನು ಹಚ್ಚಿದೆ.

ಬೀಗತಿ ಗುರವ್ವ ನನ್ನ ವಾರಿಗೆಯವಳೇ. ಎಲ್ಲ ಕೇಳಿಸಿಕೊಂಡು ಆ ಕಡೆಯಿಂದ ನಿಟ್ಟುಸಿರು ಬಿಟ್ಟಳು. "ಅಯ್ಯ ಶಿವನ, ಚೊಲೊ ಬುದ್ಧಿ ಹೇಳಿ ಕಳಿಸಿದ್ರ ಇದು ಹಿಂಗೂ ಆಗ್ತೈತೇನ್ರಿ? ಆದ್ರ ಬೀಗತೇರ, ಹಂತಾ ಮಾತು ಫೋನಿನ್ಯಾಗ ವಾಪಸ್ ತೊಗೊಳ್ಳಾಕ ಬರೂದಿಲ್ರಿ. ಎಳ್ಳಮಾಸಿಗಿ ನಾನ ಬರ್ತೇನಿ."

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಸಜ್ಜೆ ಕಡುಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಎಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯ ಮೇಲೆ ಚರಗವೆಂದು ಆ ಅಡುಗೆಯ ಎಡೆ ಚೆಲ್ಲಿ, ಬಂದವರೊಂದಿಗೆ ಕೂತು ಉಣ್ಣುವುದು. ಆ ವರ್ಷ ಬಿಳಿಜೋಳ ಎದೆಯುದ್ದ ನಿಂತು ಹೊಡೆಯಿಂದ ತೆನೆ ಹಿರಿದಿತ್ತು. ಗಾಳಿ ಬೀಸಿದರೆ ಚಳಿಗೆ ಮೈ ಜುಮ್ಮೆನ್ನುವುದು, ಬಿಸಿಲು ಬಿದ್ದರೆ ಹಿತವಾಗುವುದು. ಖೈರುನ್ ಟೀಚರ್‌ನ್ನೂ ಕರೆದಿದ್ದೆವು. ಅವರು ಪ್ರತಿವರ್ಷ ಬರುವವರೇ, ನನ್ನ ಕೈಯ ಪುಂಡಿಪಲ್ಯಕ್ಕೆ.

ಸಿಂದಗಿಯಿಂದ ಬೀಗತಿ ಬಂದಿಳಿದಳು. ಚರಗ ಚೆಲ್ಲಿದ್ದಾಯಿತು. ಎಲ್ಲರೂ ಬನ್ನಿಮರದ ಕೆಳಗೆ ಕೂತೆವು. ಬಡಿಸಲು ನಿಂತಿದ್ದ ಗಂಗಾಳನ್ನು ಬೀಗತಿ ಕರೆದು ನಡುವೆ ನಿಲ್ಲಿಸಿದಳು. ಗಂಟಲು ಸರಿಮಾಡಿಕೊಂಡಳು.

"ಕೇಳಿಲ್ಲಿ. ಮದವಿ ದಿನ ನಿನಗೊಂದು ಮಾತು ಹೇಳೇನಿ. ಇವತ್ತು ಈ ಭೂಮಿತಾಯಿ ಮುಂದ ಆ ಮಾತು ತಿರುಗಿ ತೊಗೋತೇನಿ. ನಿಮ್ಮತ್ತಿ ತಪ್ಪು ಬರದ್ರ ತಪ್ಪು ಅನ್ನು. ಗೀಟು ಎಳಿ. ಅಂಜಬ್ಯಾಡ." ಒಂದು ಬೆರಳೆತ್ತಿ ಸೇರಿಸಿದಳು. "ಬರಹದಾಗ ಅಷ್ಟ ಮತ್ತ!"

"ಬರಹದಾಗಷ್ಟ ಯಾಕ್ರಿ ಬೀಗತೇರ?" ಎಂದರು ನಮ್ಮ ಯಜಮಾನರು ಕಡುಬು ಮುರಿಯುತ್ತ. "ಪಲ್ಯೆದಾಗೂ ಅನ್ಲಿ. ಇಷ್ಟು ವರ್ಷ ಅನ್ನಾಕ ನನಗ ಧೈರ್ಯ ಸಾಲವಲ್ದು."

"ಯಾರ ಧೈರ್ಯ ಯಾರ ಮ್ಯಾಲ ಹಾಕಾಕತ್ತೀರಿ ನೋಡ್ರಿ!" ಎಂದೆ. ಖೈರುನ್ ಟೀಚರ್ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. "ನೀಲವ್ವ, ನಿನ್ನ ಗಂಡಗೂ ಒಂದು ಪಾಟಿ ಕೊಡಸು," ಎಂದರು. ಗಂಗಾ ಮಾತ್ರ ತಾಯಿಯನ್ನು, ನನ್ನನ್ನು, ಮತ್ತೆ ತಾಯಿಯನ್ನು ನೋಡುತ್ತ ನಿಂತಿದ್ದಳು, ಯಾರೋ ಅವಳ ತಲೆಯ ಮೇಲಿನ ಕೊಡ ಇಳಿಸಿಕೊಂಡಂತೆ.

ಮರುದಿನ ಹಿತ್ತಲಲ್ಲಿ ಮೊದಲ ಗೀಟು ಬಿತ್ತು. ಅದಕ್ಕೂ ಮೊದಲು ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು, ಪಾಟಿಯನ್ನು ಕಣ್ಣಿಗೆ ಒತ್ತಿಕೊಂಡಳು, ಆಮೇಲೆ ಕೂದಲೆಳೆಯಷ್ಟು ಸಣ್ಣ ಗೀಟು ಎಳೆದಳು. ಎರಡನೆಯ ತಪ್ಪಿಗೆ ಮತ್ತೆ ಕಾಲು ಮುಟ್ಟಿದಳು. ಮೂರನೆಯದಕ್ಕೂ. ಹಗ್ಗ ಹೊಸೆಯುತ್ತಿದ್ದ ಯಜಮಾನರು ತಲೆ ಎತ್ತಿ, "ಯವ್ವಾ ಗಂಗವ್ವ, ಹಿಂಗಾದ್ರ ನಿಮ್ಮತ್ತಿ ಪಾಸಾಗೂದ್ರಾಗ ಆಕಿ ಕಾಲು ಸವದು ಹೋಗ್ತಾವು. ದಿನಕ್ಕೊಂದು ಸಲ ಮೊದಲ ಮುಟ್ಟಿ ಮುಗಿಸಿಬಿಡು," ಎಂದರು. ಅದೇ ಪದ್ಧತಿಯಾಯಿತು. ದಿನಕ್ಕೊಂದು ನಮಸ್ಕಾರ, ಆಮೇಲೆ ಎಷ್ಟು ಬೇಕೋ ಅಷ್ಟು ಗೀಟು.

ಆ ಚಳಿಗಾಲದ ಉಳಿದ ದಿನಗಳು ನನಗೆ ಒಂದೇ ದಿನದಂತೆ ನೆನಪಿವೆ. ಬೆಳಿಗ್ಗೆ ಮಂಜಿನಲ್ಲಿ ಲಿಂಬಿ ಹಣ್ಣು ಆರಿಸುತ್ತ ನಾವಿಬ್ಬರೂ ಗಿಡದ ಆಚೆ ಈಚೆ ನಿಂತು ಕ್ರಿಯಾಪದ ಹೇಳುವುದು. ಗೋ, ವೆಂಟ್, ಗಾನ್. ಈಟ್, ಏಟ್, ಈಟನ್. ಮುಳ್ಳು ಚುಚ್ಚಿದರೆ ನಡುವೆ ಒಂದು ಅವ್ವಾ. ಸೀತನಿಯ ಕಾಲ ಬಂದಾಗ ಹೊಲದಲ್ಲಿ ಹಸಿ ಜೋಳದ ತೆನೆ ಸುಟ್ಟು ತಿಕ್ಕಿ ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡು, ವಿ ಹ್ಯಾವ್ ಈಟನ್ ಸೀತನಿ ಎನ್ನುವುದು. "ಬಾಯಾಗ ಇರೂದರಾಗ ಈಟನ್ ಅಲ್ರಿ ಅತ್ತಿ, ನುಂಗ್ರಿ ಮೊದಲ!" ಎಂದು ಗಂಗಾ ಗದರುವುದು. ಹೌದು, ಅಷ್ಟು ಹೊತ್ತಿಗೆ ಅವಳು ಗದರಲು ಕಲಿತಿದ್ದಳು. ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು ಕೂಡ. ಪಾಟಿ ಇಬ್ಬರ ತೊಡೆಯ ಮೇಲೂ ಅರ್ಧರ್ಧ.

ಒಂದು ಸಂಜೆ ನಾನು ಬರೆದ ವಾಕ್ಯ ನೋಡಿ ಅವಳು ಬಳಪ ಹಿಡಿದು ಬಹಳ ಹೊತ್ತು ಯೋಚಿಸಿದಳು. ಎಣ್ಣೆ ತೀರಿದೆ ಎನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ನಾನು, ಎಣ್ಣೆ ಹೆಚ್ಚಾಗಿದೆ ಎಂದು ಬರೆದಿದ್ದೆ.

"ಏನು ಮಾಡ್ಲಿರಿ ಇದಕ್ಕ? ಹ್ಯಾಜ್ ಸರಿ ಐತಿ, ಎಣ್ಣಿ ತಪ್ಪೈತಿ."

"ದೀಪ ಹಚ್ಚೂ ಹೊತ್ತಿನ್ಯಾಗ ಎಣ್ಣಿ ತೀರೈತಿ ಅಂತ ಹೆಂಗ ಬರೀಲಿ? ಮನ್ಯಾಗ ಯಾವುದಾದರೂ ತೀರಿದ್ರ ಹೆಚ್ಚಾಗೈತಿ ಅಂತೀವಲ್ಲ. ನಿಮ್ಮ ಸಿಂದಗ್ಯಾಗ ಇಲ್ಲೇನು?"

"ಐತ್ರಿ. ಆದ್ರ ಪೇಪರ್ ತಿದ್ದಾವರ ಮನ್ಯಾಗ ಇರಬೇಕಲ್ರಿ!"

ಗೀಟು ಎಳೆದಳು. ಇಬ್ಬರೂ ನಕ್ಕೆವು. ಆಮೇಲೆ ಇಬ್ಬರಿಗೂ ಒಟ್ಟಿಗೇ ಏನೋ ಅಳುಕಾಗಿ ಎದ್ದು ಹೋಗಿ ಎಣ್ಣೆ ಡಬ್ಬಿ ಅಲ್ಲಾಡಿಸಿ ನೋಡಿ ಬಂದೆವು.

ಪರೀಕ್ಷೆ ಇಂಡಿಯಲ್ಲಿ. ಅಷ್ಟರಲ್ಲಿ ಬಿಸಿಲು ಚುರುಗುಟ್ಟತೊಡಗಿತ್ತು. ಬಸುವಿನ ಟೆಂಪೋದಲ್ಲಿ ಲಿಂಬಿ ಚೀಲಗಳನ್ನು ಹಿಂದೆ ಹಾಕಿ, ಮುಂದೆ ಅವನ ಪಕ್ಕ ನಾನು, ನನ್ನ ಪಕ್ಕ ಗಂಗಾ. ದಾರಿಯುದ್ದಕ್ಕೂ ಅವಳು ಕೇಳುತ್ತ ಬಂದಳು, ನಾನು ಹೇಳುತ್ತ ಹೋದೆ. "ನಮ್ಮ ಗಾಡಿಗಿ ಹಾರ್ನ್ ಬ್ಯಾಡ, ನೀವಿಬ್ಬರ ಸಾಕು," ಎಂದ ಮಗ. ಕೇಂದ್ರದ ಬಾಗಿ‌ಲಲ್ಲಿ ಮಕ್ಕಳು ಮೇಲ್ವಿಚಾರಕಿ ಬಂದರೆಂದು ನನಗೆ ದಾರಿ ಬಿಟ್ಟರು. ನಾನು ಅವರ ಜೊತೆಯ ಬೆಂಚಿನಲ್ಲೇ ಕೂತಾಗ ಪಕ್ಕದ ಹುಡುಗಿ ಕಣ್ಣರಳಿಸಿ, ಆಮೇಲೆ ತನ್ನ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದಳು. ಆ ಪ್ರಶ್ನೆ ಬಂದಿತ್ತು. ಬಿಟ್ಟ ಜಾಗ ತುಂಬಬೇಕಿತ್ತು. ನಾನು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ರೊಟ್ಟಿ ಬುಟ್ಟಿಯೊಳಗೆ ಕೈ ಹಾಕಿದೆ. ಬಿಸಿ ಇದೆಯೋ, ಆರಿದೆಯೋ? ಬಿಸಿ ಇತ್ತು. ಹ್ಯಾವ್ ಬರೆದೆ.

ಫಲಿತಾಂಶ ಬಂದ ಸಂಜೆ ಬಸು ಇಂಡಿಯಲ್ಲಿದ್ದ. ಅಲ್ಲಿಂದಲೇ ಫೋನಿನಲ್ಲಿ ಕೂಗಿದ, "ಅವ್ವಾ, ಪಾಸಾಗೀದಿ!" ಆ ಕೂಗು ಓಣಿಗೆಲ್ಲ ಕೇಳಿಸಿರಬೇಕು. ಮರುದಿನ ಬೆಳಗಾಗುವಷ್ಟರಲ್ಲಿ ನಮ್ಮ ಅಂಗಳ ತುಂಬಿತ್ತು. ಖೈರುನ್ ಟೀಚರ್ ಪೇಡೆ ಡಬ್ಬಿ ಹಿಡಿದು ಬಂದು, ನನ್ನ ಬಾಯಿಗೆ ಒಂದು ತುರುಕಿ, ತಾವೂ ಒಂದು ಬಾಯಿಗೆ ಹಾಕಿಕೊಂಡರು. ಬೀಗತಿ ಸಿಂದಗಿಯಿಂದ ಮೊದಲ ಬಸ್ಸಿಗೇ ಬಂದಿದ್ದಳು. ಯಜಮಾನರು ಹೋಗಿಬರುವವರಿಗೆಲ್ಲ ಚಹಾ ಕೊಡುತ್ತ, "ಶೀ ಹ್ಯಾಜ್ ಪಾಸ್," ಎನ್ನುತ್ತಿದ್ದರು. ಅದು ಪಾಸ್ಡ್ ಎಂದು ನಾನು ಎಷ್ಟು ಸಲ ಹೇಳಿದರೂ ಕೇಳಲಿಲ್ಲ.

ಎಲ್ಲರೂ ಕೂತಿದ್ದಾಗ ನನಗೇನೋ ತುಂಟತನ ಹೊಕ್ಕಿತು. ಪಾಟಿ ತಂದೆ. ದೊಡ್ಡ ಅಕ್ಷರದಲ್ಲಿ ಬರೆದೆ: ಐ ಹ್ಯಾವ್ ಪಾಸ್ಡ್ ಯಸ್ಟರ್‌ಡೇ. ಅದನ್ನು ಗಂಗಾಳ ಮುಂದೆ ಹಿಡಿದೆ. ಹೋಳು ಪಕ್ಕದ ತಟ್ಟೆಯಲ್ಲೇ ಇತ್ತು. ಅವಳು ಅದರ ಕಡೆ ನೋಡಲೂ ಇಲ್ಲ. ಬಳಪ ಕಸಿದುಕೊಂಡು, ತನ್ನ ತವರಿನವರ ಮುಂದೆ, ಟೀಚರ್ ಮುಂದೆ, ಓಣಿಯವರ ಮುಂದೆ, ಆ ಕೊನೆಯ ಪದದ ಮೇಲೆ ಈ ತುದಿಯಿಂದ ಆ ತುದಿಗೆ ಕರ್ ಎಂದು ಗೀಟು ಎಳೆದಳು.

"ಅತ್ತಿ, ತಪ್ಪು!"

ಅಷ್ಟು ಜನರ ನಡುವೆ ಸೊಸೆ ನನ್ನನ್ನು ತಪ್ಪು ಎಂದ ಆ ಗಳಿಗೆಯಂಥ ಸಂತೋಷ, ಪಾಸಾದ ಸುದ್ದಿ ಕೇಳಿದಾಗಲೂ ನನಗೆ ಆಗಿರಲಿಲ್ಲ. ಬೀಗತಿ ಮೂಗಿನ ಮೇಲೆ ಬೆರಳಿಟ್ಟು, "ನಾ ಬಿಚ್ಚಿದ್ದು ಸ್ವಲ್ಪ ಹೆಚ್ಚ ಆತೇನ್ರಿ?" ಎಂದಳು.

ಆ ಬೇಸಿಗೆ ದಾಟಿದ ಮೇಲೆ ನಾನು ಅಂಗನವಾಡಿಯ ಒಳಗೆ ನಿಂತೆ. ಮೊದಲ ದಿನ ಒಂದು ಮಗುವೂ ಅಳಲಿಲ್ಲ. ಖೈರುನ್ ಟೀಚರ್ ಹೊರಗೆ ಕಿಟಕಿಯ ಪಕ್ಕ ನಿಂತು ಅದನ್ನು ಕೇಳಿಸಿಕೊಂಡು ಹೋದರಂತೆ.

ಇದನ್ನೆಲ್ಲ ನೆನೆಯುತ್ತ ಮೊನ್ನೆ ಆ ಪಾಟಿಯನ್ನು ಎಷ್ಟು ತಿಕ್ಕಿದೆನೋ, ಸಹಾಯಕಿ ಹುಡುಗಿ ಕೊನೆಗೆ ನನ್ನ ಕೈಯಿಂದ ತೆಗೆದಿಟ್ಟಳು. ಸಂಜೆ ಮನೆಗೆ ಬಂದರೂ ಬೆರಳಲ್ಲಿ ಅದೇ ವಾಸನೆ. ಅದೇ ಗುಂಗಿನಲ್ಲಿ ಪುಂಡಿಪಲ್ಯ ಮಾಡಿದೆ. ಎಲ್ಲರೂ ಊಟಕ್ಕೆ ಕೂತೆವು. ಯಜಮಾನರು ಒಂದು ತುತ್ತು ಬಾಯಿಗಿಟ್ಟು, ಏನೋ ಹೇಳಹೊರಟವರು ನನ್ನ ಮುಖ ನೋಡಿ ಸುಮ್ಮನೆ ನುಂಗಿದರು. ಬಸು ನೀರು ಕುಡಿದ.

ಗಂಗಾ ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟಳು. ತಲೆ ಎತ್ತಿದಳು.

"ಅತ್ತಿ, ಉಪ್ಪು ಮರ್ತೀರಿ."

ನಾನೂ ಒಂದು ತುತ್ತು ಬಾಯಿಗೆ ಹಾಕಿ ನೋಡಿದೆ. ಮರೆತದ್ದು ಒಲೆಯ ಮುಂದೆ, ಆಗಲೇ. ಸಪ್ಪಗಿರುವುದು ಈಗ, ನಾಲಿಗೆಯ ಮೇಲೆ.

"ನೀ ಅಂದದ್ದು ಸರಿ ಐತಿ," ಎಂದು ಉಪ್ಪಿನ ಡಬ್ಬಿ ಅವಳ ಕಡೆ ಸರಿಸಿದೆ.